ಅಠಾರ ಕಚೇರಿ: ಹೆಸರು, ಕಟ್ಟಡ, ಉಪಯೋಗ

ಪ್ರಾಚೀನ ಕಟ್ಟಡಗಳ ಚರಿತ್ರೆಯನ್ನು ಬರೆಯುವವರು ಕಟ್ಟಿಸಿದವರ ಹೆಸರು, ಕಟ್ಟಿದ ವರ್ಷ, ಕಂಬಗಳ ಶೈಲಿ ಇಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ಆ ಗೋಡೆಗಳ ನಡುವೆ ಯಾವ ಕೆಲಸ ನಡೆಯಿತು, ಅದು ಏಕೆ ಬದಲಾಯಿತು ಎಂಬ ವಿಚಾರ ಹಿಂದೆ ಬೀಳುತ್ತದೆ. ಬೆಂಗಳೂರಿನ ಅಠಾರ ಕಚೇರಿಯ ವಿಷಯದಲ್ಲಿ ಈ ಕೊರತೆಯಿಂದ ಒಂದು ತಪ್ಪು ಗ್ರಹಿಕೆಯೂ ಬೆಳೆದಿದೆ. ಹದಿನೆಂಟು ಇಲಾಖೆಗಳು ಅಲ್ಲಿ ಸೇರಿದ್ದುದರಿಂದಲೇ ಆ ಹೆಸರು ಹುಟ್ಟಿತೆಂಬ ಮಾತು ಸರಿಯಲ್ಲ. ಹೆಸರು ಕಟ್ಟಡಕ್ಕಿಂತ ಬಹಳ ಹಿಂದಿನದು. ಔರಂಗಜೇಬನ ಆಸ್ಥಾನಕ್ಕೆ ಹೋದ ರಾಯಭಾರಿಗಳು ಹಿಂದಿರುಗಿದ ಮೇಲೆ, 1700ರ ಸುಮಾರಿನಲ್ಲಿ, ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರೆಂದು ವಿಲ್ಕ್ಸನು ತನ್ನ ಮೈಸೂರಿನ ಇತಿಹಾಸದಲ್ಲಿ ಹೇಳುತ್ತಾನೆ. ಅಠಾರವೂ ಕಚೇರಿಯೂ ಹಿಂದೂಸ್ತಾನಿಯಿಂದ ಬಂದ ಮಾತುಗಳು. ಜನರು ಅದನ್ನು 'ಅಟ್ಟಾರ'ವೆಂದು ಉಚ್ಚರಿಸಿ ತಮ್ಮದನ್ನಾಗಿ ಮಾಡಿಕೊಂಡರು.

ಆದುದರಿಂದ ಇಲ್ಲಿ ಮೊದಲು ಹುಟ್ಟಿದ್ದು ವ್ಯವಸ್ಥೆ. ಮನೆ ದೊರೆತದ್ದು ಆಮೇಲೆ. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಸೇರಿದಾಗ ಕಚೇರಿಗಳು ಬೆಂಗಳೂರಿನ ಕೋಟೆಯಲ್ಲಿದ್ದ ಟಿಪ್ಪುವಿನ ಅರಮನೆಯಲ್ಲಿ ನೆಲೆಸಿದವು. ಬೌರಿಂಗನು ಕಮಿಷನರನಾಗಿದ್ದ ಕಾಲದಲ್ಲಿ, 1864ರಿಂದ 1868ರವರೆಗೆ, ಸ್ಯಾಂಕಿಯ ಯೋಜನೆಯಂತೆ ಕೆಂಪು ಬಣ್ಣದ, ಎರಡಂತಸ್ತಿನ ಹೊಸ ಕಟ್ಟಡ ಎದ್ದಿತು. ಕಚೇರಿಗಳು ತೆರವು ಮಾಡಿದ ಅರಮನೆಯ ಅಲ್ಪಭಾಗ ಮಾತ್ರ ಇಂದು ಸ್ಮಾರಕವಾಗಿ ಉಳಿದಿದೆ. ಕೆಲಸ ಹೊರಟುಹೋದ ಮನೆಗೆ ಎಂಥ ಗತಿ ಬರಬಹುದೆಂಬುದಕ್ಕೆ ಅದು ಸಾಕ್ಷಿ.

1956ರಲ್ಲಿ ವಿಧಾನಸೌಧ ಸಿದ್ಧವಾದಾಗ ಅಠಾರ ಕಚೇರಿಯೂ ಇದೇ ಸ್ಥಿತಿಯನ್ನು ಎದುರಿಸಿತು. ಸಚಿವಾಲಯವೂ ಶಾಸಕಾಂಗವೂ ಎದುರಿನ ಭವನಕ್ಕೆ ಹೋದವು. ಆದರೆ ಉಚ್ಚ ನ್ಯಾಯಾಲಯವಿದ್ದುದರಿಂದ ಹಳೆಯ ಮನೆ ಪಾಳು ಬೀಳಲಿಲ್ಲ. ಅದೇ ವರ್ಷದ ನವೆಂಬರ್ 1ರವರೆಗೆ ಧಾರವಾಡ, ಬಿಜಾಪುರಗಳ ಕಕ್ಷಿದಾರರ ಮೇಲ್ಮನವಿ ಮುಂಬಯಿಗೆ, ಗುಲ್ಬರ್ಗ, ರಾಯಚೂರುಗಳವರದು ಹೈದರಾಬಾದಿಗೆ, ಮಂಗಳೂರಿನವರದು ಮದರಾಸಿಗೆ ಹೋಗುತ್ತಿದ್ದಿತು. ಆಮೇಲೆ ಇವರೆಲ್ಲರ ದಾರಿಯೂ ಬೆಂಗಳೂರಿನತ್ತ ತಿರುಗಿತು. ಅರಸೊತ್ತಿಗೆಯ ಮೈಸೂರಿಗಾಗಿ ಕಟ್ಟಿದ ಮನೆ ಏಕೀಕೃತ ನಾಡಿನ ನ್ಯಾಯದ ಮನೆಯಾಯಿತು. ಕಟ್ಟಡದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆಯಿಲ್ಲ. ಆದರೂ ಕಂಬಗಳ ವರ್ಣನೆಗೆ ದೊರೆತ ಸ್ಥಳ ಇದಕ್ಕೆ ದೊರೆತಿಲ್ಲ.

ನಾಡು ಬೆಳೆದಂತೆ ವ್ಯಾಜ್ಯಗಳೂ ಬೆಳೆದವು. 1980ರ ದಶಕದ ಮೊದಲ ಭಾಗದಲ್ಲಿ, ಸ್ಥಳ ಸಾಲದೆಂದು ಕಟ್ಟಡವನ್ನೇ ಕೆಡವುವ ಯೋಚನೆ ಸರಕಾರದಲ್ಲಿ ನಡೆಯಿತು. ನಾಗರಿಕರು ಅದನ್ನು ವಿರೋಧಿಸಿ ಅದೇ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಕೊನೆಗೆ ಕಟ್ಟಡ ಉಳಿಯಿತು. ಹೆಚ್ಚಿನ ಕೊಠಡಿಗಳನ್ನು ಹಿಂಭಾಗದಲ್ಲಿ ಕಟ್ಟಲಾಯಿತು.

ಈ ವಾದದಲ್ಲಿ ಉಭಯಪಕ್ಷಗಳ ನಿಲುವೂ ಪರಿಶೀಲನೆಗೆ ಅರ್ಹ. ಕೆಡವಬೇಕೆಂದವರು ಉಪಯೋಗವನ್ನು ಚದರಡಿಗಳಲ್ಲಿ ಅಳೆದರು. ಉಳಿಸಬೇಕೆಂದವರಲ್ಲಿ ಅನೇಕರು ಸೌಂದರ್ಯವೊಂದನ್ನೇ ಮುಂದಿಟ್ಟರು. ಸೌಂದರ್ಯದ ವಾದ ದುರ್ಬಲ; ಏಕೆಂದರೆ ಅಭಿರುಚಿ ಕಾಲಕಾಲಕ್ಕೆ ಬದಲಾಗುತ್ತದೆ. ಹಳೆಯ ಮನೆ ಹೊರಬಹುದಾದಷ್ಟು ಹೊರೆಯನ್ನೇ ಅದರ ಮೇಲಿಟ್ಟು, ಮಿಕ್ಕುದನ್ನು ಬೇರೆಡೆಗೆ ಹಂಚಬಹುದೆಂಬುದೇ ಬಲವಾದ ಉತ್ತರವಾಗಿದ್ದಿತು. ಆ ಉತ್ತರ ತಡವಾಗಿ, ಬೇರೊಂದು ಮಾರ್ಗದಿಂದ ಬಂದಿತು. 2008ರಲ್ಲಿ ಧಾರವಾಡ, ಗುಲ್ಬರ್ಗಗಳಲ್ಲಿ ಸಂಚಾರಿ ಪೀಠಗಳು ಆರಂಭವಾಗಿ, 2013ರಲ್ಲಿ ಕಾಯಂ ಆದವು. ಉತ್ತರದ ಜಿಲ್ಲೆಗಳ ಕಕ್ಷಿದಾರರ ದೂರದ ಪ್ರಯಾಣ ತಪ್ಪಿತು. ಕಟ್ಟಡವನ್ನು ಉಳಿಸುವುದಕ್ಕಾಗಿ ಮಾಡಿದ ಕೆಲಸ ಅದಲ್ಲ. ಆದರೆ ಜನರಿಗೆ ಅನುಕೂಲವಾದದ್ದು ಕಟ್ಟಡಕ್ಕೂ ಅನುಕೂಲವಾಗಬಲ್ಲದೆಂಬುದನ್ನು ಅದು ತೋರಿಸಿತು.

ಕೆಲಸವಿಲ್ಲದ ಮನೆ ಕುಸಿಯುತ್ತದೆ. ಮಿತಿಮೀರಿ ಕೆಲಸ ತುಂಬಿದ ಮನೆಯನ್ನು ಅದರ ಒಡೆಯರೇ ಕೆಡವಲು ಹೊರಡುತ್ತಾರೆ. ಇವೆರಡರ ನಡುವಣ ಹದವನ್ನು ಕಂಡುಕೊಳ್ಳುವುದೇ ಸಂರಕ್ಷಣೆ. ಪಾರಂಪರಿಕ ಕಟ್ಟಡಗಳ ಪಟ್ಟಿಯನ್ನು ಸಿದ್ಧಪಡಿಸುವವರು ಶೈಲಿಯೊಡನೆ ಉಪಯೋಗಗಳ ಅನುಕ್ರಮವನ್ನೂ ದಾಖಲಿಸುವುದು ಅವಶ್ಯ. ಹದಿನೆಂಟು ಇಲಾಖೆಗಳು ಹೋದ ಮೇಲೂ ಜನರು ಅಠಾರ ಕಚೇರಿಯೆಂದೇ ಕರೆಯುತ್ತ ಬಂದಿದ್ದಾರೆ. ಬರೆಯುವವರು ಬಿಟ್ಟುದನ್ನು ಅವರ ನಾಲಗೆ ಕಾಯ್ದಿಟ್ಟಿದೆ.