ಫೇರ್ ನೋಟ್ಸ್ ಪಂಥದವರಿಗೆ

ಮೀಟಿಂಗಿನಲ್ಲಿ ಟಿಪ್ಪಣಿ ಮಾಡಿಕೊಳ್ಳುವ ಬಗ್ಗೆ ಈ ವಾರ ಬರೆಯುತ್ತೇನೆಂದಿದ್ದೆ. ಅದು ಎರಡು ಮಾತಿನ ವಿಷಯ: ಯಾರು ಏನು ಮಾಡಲು ಒಪ್ಪಿಕೊಂಡರು, ಯಾವ ತಾರೀಖಿನೊಳಗೆ. ಉಳಿದ ಭಾಷಣ ಗಾಳಿಗೆ ಹೋಗಲಿ. ಮೀಟಿಂಗಿನ ಮಾತು ಅಷ್ಟೇ; ಅದಕ್ಕಿಂತ ನನಗೆ ಫೇರ್ ನೋಟ್ಸ್ ಪಂಥದವರ ಜೊತೆ ಹಳೆಯ ಜಗಳವೊಂದು ಬಾಕಿ ಇದೆ.

ಇವರನ್ನು ನೀವು ಬಲ್ಲಿರಿ. ತರಗತಿಯಲ್ಲಿ ಗೀಚಿದ್ದನ್ನು ಮನೆಗೆ ತಂದು, ಸ್ಕೇಲಿಟ್ಟು ಮಾರ್ಜಿನ್ ಎಳೆದು, ತಲೆಬರಹಕ್ಕೆ ಬೇರೆ ಶಾಯಿ ಹಾಕಿ, ಮುತ್ತು ಪೋಣಿಸಿದಂತೆ ಬರೆದು ರಫ್ ಪುಸ್ತಕವನ್ನು ರದ್ದಿಗೆ ಹಾಕುವವರು. ನಮ್ಮ ಶಾಲೆಗಳು ಅಂಕ ಕೊಟ್ಟದ್ದೂ ಇವರಿಗೇ. ಈಗಿನವರು ಮೀಟಿಂಗನ್ನು ಯಂತ್ರಕ್ಕೆ ಕೇಳಿಸಿ ಐದು ಸಾಲಿನ ಸಾರಾಂಶ ಪಡೆಯುತ್ತಾರೆ. ಪಂಥ ಅದೇ, ಅಂದದ ಕೈಬರಹವೊಂದು ಹೋಯಿತು.

ಓರಣದ ಪ್ರತಿಯಲ್ಲಿ ಏನೇನು ಕಳೆದುಹೋಗುತ್ತದೆ ಎಂಬುದಕ್ಕೆ ಜಿನೀವಾದ ಕತೆಯೇ ಸಾಕು. ಫರ್ಡಿನಾಂಡ್ ದ ಸಸ್ಯೂರ್ ಅಲ್ಲಿ 1907ರಿಂದ 1911ರೊಳಗೆ ಸಾಮಾನ್ಯ ಭಾಷಾವಿಜ್ಞಾನದ ಮೂರು ಪಾಠಸರಣಿ ನಡೆಸಿದರು. ಅದನ್ನು ಪುಸ್ತಕ ಮಾಡದೆಯೇ 1913ರಲ್ಲಿ ತೀರಿಕೊಂಡರು. ಬಾಲಿ, ಸೆಶೆಎ ಎಂಬಿಬ್ಬರು ಸಂಪಾದಕರಾಗಿ, ವಿದ್ಯಾರ್ಥಿಗಳ ನೋಟ್‌ಬುಕ್ಕು ಕಲೆಹಾಕಿ 1916ರಲ್ಲಿ ಗ್ರಂಥ ಹೊರತಂದರು. ತಮಾಷೆಯೆಂದರೆ, ಇಬ್ಬರೂ ಆ ಪಾಠಗಳಿಗೆ ಕೂತವರಲ್ಲ! ಜಗತ್ತು ಸಸ್ಯೂರ್ ಎಂದು ತಲೆಮಾರುಗಟ್ಟಲೆ ಓದಿದ್ದು ಈ ಫೇರ್ ಕಾಪಿಯನ್ನು.

ಚೆನ್ನಾದ ಪುಸ್ತಕವೇ, ಅನುಮಾನವಿಲ್ಲ. ಆದರೆ ಮೂರನೆಯ ಸರಣಿಯಲ್ಲಿ ಮೇಷ್ಟರು ಲೋಕದ ನಾನಾ ಭಾಷೆಗಳಿಂದ ಶುರುಮಾಡಿ, ಆಮೇಲೆ ಭಾಷೆಯೆಂಬ ವ್ಯವಸ್ಥೆಯ ತತ್ತ್ವಕ್ಕೆ ಬಂದಿದ್ದರು. ಸಂಪಾದಕರು ತತ್ತ್ವವನ್ನು ಮುಂದಕ್ಕೆ ತಂದು, ನಾನಾ ಭಾಷೆಗಳನ್ನು ಪುಸ್ತಕದ ಹಿಂಬದಿಗೆ ಸಾಗಿಸಿದರು. ಕೊನೆಯ ಪ್ರಸಿದ್ಧ ವಾಕ್ಯವಂತೂ ಯಾವ ವಿದ್ಯಾರ್ಥಿಯ ಟಿಪ್ಪಣಿಯಲ್ಲೂ ಇಲ್ಲ, ಅದು ಸಂಪಾದಕರದ್ದೇ ಕಾಣಿಕೆ. 1911ರಲ್ಲಿ ಸಸ್ಯೂರ್ ಒಬ್ಬ ವಿದ್ಯಾರ್ಥಿಯೆದುರು ಪೇಚಾಡಿಕೊಂಡಿದ್ದರು: ವಿಷಯದ ತೊಡಕನ್ನೆಲ್ಲ ಬಿಚ್ಚಿಟ್ಟು ತನ್ನ ಸಂದೇಹಗಳನ್ನೂ ಹೇಳಿಬಿಡುವುದೋ, ಪರೀಕ್ಷೆಗೆ ಕೂರುವವರಿಗೆಂದು ಸರಳ ಮಾಡುವುದೋ ಎಂದು. ಫೇರ್ ಕಾಪಿಯಲ್ಲಿ ಮೊದಲು ಸಾಯುವುದು ಇಂಥ ಸಂದೇಹ.

ಎಮಿಲ್ ಕಾನ್‌ಸ್ಟಾಂಟಿನ್ ಎಂಬ ವಿದ್ಯಾರ್ಥಿ ಅದೇ ಮೂರನೆಯ ಸರಣಿಯನ್ನು ಎಲ್ಲರಿಗಿಂತ ವಿಸ್ತಾರವಾಗಿ ಬರೆದುಕೊಂಡಿದ್ದ. ಅವನ ನೋಟ್‌ಬುಕ್ಕು ಸಂಪಾದಕರಿಗೆ ಸಿಗಲೇ ಇಲ್ಲ, ಬೆಳಕಿಗೆ ಬಂದದ್ದು 1958ರಲ್ಲಿ. ಪಾಠ ಯಾವ ಕ್ರಮದಲ್ಲಿ ಸಾಗಿತ್ತೆಂದು ವಿದ್ವಾಂಸರು ಇವತ್ತು ನೋಡುವುದು ಅವನ್ನೇ.

ಹಾಗಾಗಿ ನನ್ನ ಹಠ ಇಷ್ಟು. ಹೇಳಿದವರು ಹೇಳಿದ ಕ್ರಮದಲ್ಲೇ ಬರೆದುಕೊಳ್ಳಿ, ವಿಂಗಡಣೆ ಆಮೇಲಿನದು. ಅವರು ತಡವರಿಸಿದಲ್ಲಿ ಮಾರ್ಜಿನ್ನಿನಲ್ಲಿ ಪ್ರಶ್ನಾರ್ಥಕ ಹಾಕಿ. ನಿಮ್ಮ ಸ್ವಂತ ಅಭಿಪ್ರಾಯ ಚೌಕ ಕಂಸದೊಳಗಿರಲಿ, ಇಲ್ಲದಿದ್ದರೆ ಆರು ತಿಂಗಳ ಮೇಲೆ ನಿಮ್ಮ ಮಾತು ಯಾವುದು, ಮೇಷ್ಟರದು ಯಾವುದು ಎಂದು ನಿಮಗೇ ತಿಳಿಯದು. ಪುಸ್ತಕ ಓದುವಾಗ ಪುಟಸಂಖ್ಯೆ ಮೊದಲು, ಟಿಪ್ಪಣಿ ಆಮೇಲೆ.

ಕೀಬೋರ್ಡೋ ಪೆನ್ನೋ ಎಂದು ಕೇಳುವವರಿಗೆ: ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬ ಸಂಶೋಧಕರ 2014ರ ಅಧ್ಯಯನ ಪೆನ್ನಿನ ಪರವಾಗಿತ್ತು. 2019ರಲ್ಲಿ ಅದನ್ನೇ ಮತ್ತೆ ಮಾಡಿ ನೋಡಿದವರಿಗೆ ಅಷ್ಟು ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಯಾವುದರಲ್ಲಾದರೂ ಬರೆಯಿರಿ, ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡಿ.