ತಂಪು ಕನ್ನಡಕ: ಬೆಲೆಯ ಲೆಕ್ಕ, ಬೆಳಕಿನ ಲೆಕ್ಕ

ಡಿಸೆಂಬರ್ ಬಂತೆಂದರೆ ಬೇಲೂರು, ಹಳೇಬೀಡುಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಬಸ್ಸಿನಿಂದ ಇಳಿದ ಮಕ್ಕಳು ದೇಗುಲದ ಬಾಗಿಲಿಗೆ ಹೋಗುವ ಮೊದಲೇ, ರಸ್ತೆ ಬದಿಯ ಹಲಗೆಗೆ ಸಿಕ್ಕಿಸಿಟ್ಟ ಬಣ್ಣಬಣ್ಣದ ‘ಕೂಲಿಂಗ್ ಗ್ಲಾಸ್’ಗಳನ್ನು ಮುತ್ತಿಕೊಳ್ಳುತ್ತಾರೆ. ಅರಸೀಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕರೊಬ್ಬರು ಇಂಥ ಒಂದು ಪ್ರವಾಸದಲ್ಲಿ ಮಕ್ಕಳು ಅವನ್ನು ಕೊಳ್ಳದಂತೆ ತಡೆದರಂತೆ. “ಅಗ್ಗದ ಕನ್ನಡಕ ಹಾಕುವುದಕ್ಕಿಂತ ಬರಿಗಣ್ಣೇ ಲೇಸು ಎಂದು ಎಲ್ಲೋ ಓದಿದ್ದೆ ಸರ್. ನಾನು ಮಾಡಿದ್ದು ಸರಿಯೆ?” ಎಂದು ಕೇಳಿದರು. ಅದೇ ಬಸ್ಸಿನಲ್ಲಿದ್ದ ಇನ್ನೊಬ್ಬ ಶಿಕ್ಷಕರ ಮೂಗಿನ ಮೇಲೆ ಹನ್ನೆರಡು ಸಾವಿರ ರೂಪಾಯಿಯ ಹೆಸರಾಂತ ಕನ್ನಡಕವಿತ್ತಂತೆ. ಅದನ್ನು ಯಾರೂ ಪ್ರಶ್ನಿಸಲಿಲ್ಲವಂತೆ.

ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಇದರ ಹಿಂದೆ ಎರಡು ನಂಬಿಕೆಗಳಿವೆ. ಒಂದು, ದುಬಾರಿ ಕನ್ನಡಕ ಕಣ್ಣನ್ನು ಹೆಚ್ಚು ಕಾಪಾಡುತ್ತದೆ. ಇನ್ನೊಂದು, ಅಗ್ಗದ್ದು ಕಣ್ಣನ್ನು ಕೆಡಿಸುತ್ತದೆ. ಮೊದಲನೆಯದನ್ನು ಮಾರುವವರು ಹೇಳುತ್ತಾರೆ. ಎರಡನೆಯದನ್ನು ನಮ್ಮಂಥ ವಿಜ್ಞಾನ ಬರೆಹಗಾರರೇ ವರ್ಷಾನುಗಟ್ಟಲೆ ಹೇಳುತ್ತ ಬಂದಿದ್ದೇವೆ. ಎರಡನ್ನೂ ಒಮ್ಮೆ ಅಂಕಿಗಳ ಮುಂದೆ ನಿಲ್ಲಿಸಿ ನೋಡೋಣ.

ಕಪ್ಪು ಬೇರೆ, ತಡೆ ಬೇರೆ

ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೊಮೀಟರ್. ಅದಕ್ಕಿಂತ ಕಿರಿದಾದದ್ದು ಅತಿನೇರಳೆ. ಇದರಲ್ಲಿ 315ರಿಂದ 400ರವರೆಗಿನ ಭಾಗವನ್ನು ‘ಎ’ ಎಂದೂ 280ರಿಂದ 315ರವರೆಗಿನದನ್ನು ‘ಬಿ’ ಎಂದೂ ಕರೆಯುತ್ತಾರೆ. ಇನ್ನೂ ಕಿರಿದಾದ ‘ಸಿ’ ಭಾಗವನ್ನು ವಾತಾವರಣವೇ ಹೀರಿಕೊಳ್ಳುವುದರಿಂದ ಅದು ನೆಲ ಮುಟ್ಟುವುದಿಲ್ಲ. ಬೇಲೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ ನಡುಹಗಲ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಹಾಗಾಗಿ ಅತಿನೇರಳೆಯ ಚಿಂತೆ ನಮ್ಮಲ್ಲಿ ಅನಗತ್ಯವಲ್ಲ.

ಕನ್ನಡಕದ ಬಣ್ಣ ತಡೆಯುವುದು ಕಾಣುವ ಬೆಳಕನ್ನು. ಅತಿನೇರಳೆಯನ್ನು ತಡೆಯುವುದು ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಗುಣ, ಇಲ್ಲವೇ ಅದಕ್ಕೆ ಬೆರೆಸಿದ ರಾಸಾಯನಿಕದ ಗುಣ. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಯಾವ ಬಣ್ಣವೂ ಇಲ್ಲದೆ, ನೀರಿನಂತೆ ಪಾರದರ್ಶಕವಾಗಿದ್ದಾಗಲೂ, ಸುಮಾರು 380 ನ್ಯಾನೊಮೀಟರ್‌ವರೆಗಿನ ಅತಿನೇರಳೆಯನ್ನು ಬಹುತೇಕ ನುಂಗಿಬಿಡುತ್ತದೆ. ತಡೆವಸ್ತು ಬೆರೆಸದ ಅಕ್ರಿಲಿಕ್ ಎಷ್ಟೇ ಕಪ್ಪಾಗಿದ್ದರೂ ‘ಎ’ ಭಾಗವನ್ನು ಸಾಕಷ್ಟು ಒಳಬಿಡಬಹುದು. ಇವೆರಡನ್ನು ಪಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕಾಣದ ಕಿರಣವನ್ನು ಕಾಣುವ ಕಣ್ಣಿನಿಂದ ಅಳೆಯಲಾಗದು ಎಂಬುದೇ ಇಲ್ಲಿನ ಮೂಲ ತೊಡಕು.

ಪಾಲಿಕಾರ್ಬೊನೇಟ್ ದುಬಾರಿ ವಸ್ತುವೇನಲ್ಲ. ರಸ್ತೆ ಬದಿಯ ಕನ್ನಡಕಗಳಲ್ಲೂ ಅದಿರಬಹುದು. ಹಲವು ದೇಶಗಳಲ್ಲಿ ನಡೆದ ಅಳತೆಗಳಲ್ಲಿ ಕನ್ನಡಕದ ಬೆಲೆಗೂ ಅತಿನೇರಳೆ ತಡೆಗೂ ನೇರ ಸಂಬಂಧ ಕಂಡುಬಂದಿಲ್ಲ. ಕಾರಣ ಸರಳ. ನೂರಕ್ಕೆ ತೊಂಬತ್ತೊಂಬತ್ತು ಪಾಲು ತಡೆದ ಮೇಲೆ ಇನ್ನು ಉಳಿಯುವುದು ಒಂದೇ ಪಾಲು. ಹತ್ತು ಪಟ್ಟು ಹಣ ಕೊಟ್ಟರೂ ನೂರಾ ಹತ್ತು ಪಾಲು ತಡೆಯಲು ಸಾಧ್ಯವಿಲ್ಲ.

ಪಾಪೆಯ ವಾದ ಎಷ್ಟು ನಿಜ?

ಶಿಕ್ಷಕರು ಓದಿದ್ದ ವಾದ ಹೀಗಿದೆ: ಕಪ್ಪು ಕನ್ನಡಕ ಹಾಕಿದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಮಸೂರ ಅತಿನೇರಳೆಯನ್ನು ತಡೆಯದಿದ್ದರೆ, ಹಿಗ್ಗಿದ ಪಾಪೆಯ ಮೂಲಕ ಬರಿಗಣ್ಣಿಗಿಂತ ಹೆಚ್ಚು ಅತಿನೇರಳೆ ಒಳನುಗ್ಗುತ್ತದೆ. ತರ್ಕ ತಪ್ಪಲ್ಲ. ಆದರೆ ಎಷ್ಟು ಹೆಚ್ಚು ಎಂದು ಕೇಳದೆ ಇದನ್ನು ಒಪ್ಪಬಾರದು.

ಬಿಸಿಲಿನಲ್ಲಿ ಪಾಪೆಯ ವ್ಯಾಸ 2 ಮಿಲಿಮೀಟರ್ ಇದ್ದು, ಕನ್ನಡಕ ಹಾಕಿದಾಗ 3 ಮಿಲಿಮೀಟರ್ ಆಯಿತೆನ್ನೋಣ. ಬೆಳಕು ಒಳಹೋಗುವುದು ವಿಸ್ತೀರ್ಣಕ್ಕೆ ತಕ್ಕಂತೆ. ವಿಸ್ತೀರ್ಣ 9/4, ಅಂದರೆ 2.25 ಪಟ್ಟು ಹೆಚ್ಚಿತು. ಕನ್ನಡಕ ಅತಿನೇರಳೆಯ ಶೇ. 20ನ್ನು ಒಳಬಿಟ್ಟರೆ ಕಣ್ಣೊಳಗೆ ಹೋಗುವುದು 0.20 × 2.25 = 0.45. ಬರಿಗಣ್ಣಿನ ಅರ್ಧಕ್ಕಿಂತಲೂ ಕಡಿಮೆ! ಬರಿಗಣ್ಣಿಗಿಂತ ಕೆಡುಕಾಗಬೇಕಾದರೆ ಕನ್ನಡಕ ಶೇ. 44ಕ್ಕಿಂತ ಹೆಚ್ಚು ಅತಿನೇರಳೆಯನ್ನು ಬಿಡಬೇಕು. ಅದು ನಿಜಕ್ಕೂ ಕಳಪೆ ಮಸೂರ.

ಇಷ್ಟಕ್ಕೇ ನಿಲ್ಲಿಸಿದರೆ ಅದೂ ಪೂರ್ಣ ಸತ್ಯವಾಗದು. ಬಿಸಿಲಿಗೆ ನಾವು ಕಣ್ಣು ಕಿರಿದಾಗಿಸುತ್ತೇವೆ. ಕಪ್ಪು ಕನ್ನಡಕ ಹಾಕಿದೊಡನೆ ರೆಪ್ಪೆ ಅರಳುತ್ತದೆ. ಇದರಿಂದ ಇನ್ನೂ ಎರಡು ಪಟ್ಟು ಬೆಳಕು ಒಳಬಂದರೆ ಮೇಲಿನ ಮಿತಿ ಶೇ. 22ಕ್ಕೆ ಇಳಿಯುತ್ತದೆ. ಅಲ್ಲದೆ ವಯಸ್ಕರ ಕಣ್ಣಿನ ಮಸೂರವೇ ಅತಿನೇರಳೆಯ ಬಹುಭಾಗವನ್ನು ಹೀರಿ ಅಕ್ಷಿಪಟಲವನ್ನು ಕಾಯುತ್ತದೆ, ಮಕ್ಕಳ ಕಣ್ಣಿನ ಮಸೂರ ಅಷ್ಟು ಹೀರುವುದಿಲ್ಲ. ಆದ್ದರಿಂದ ‘ಅಗ್ಗದ್ದೆಲ್ಲ ವಿಷ’ ಎಂಬುದು ಉತ್ಪ್ರೇಕ್ಷೆ. ಆದರೆ ಮಕ್ಕಳ ವಿಷಯದಲ್ಲಿ ಪರೀಕ್ಷಿಸದೆ ನಂಬಬಾರದು ಎಂಬುದು ಸರಿ. ನಮ್ಮ ಶಿಕ್ಷಕರು ಅರ್ಧ ಸರಿ.

ಹೆಚ್ಚಿನ ಹಣಕ್ಕೆ ಸಿಗುವುದೇನು?

ಹೆಸರಿನ ಕತೆ ಮೊದಲು. ರೇ-ಬ್ಯಾನ್ ಅಮೆರಿಕದ ಬಾಷ್ ಅಂಡ್ ಲಾಂಬ್ ಕಂಪನಿ 1937ರಲ್ಲಿ ಹೊರತಂದ ಹೆಸರು. 1999ರಲ್ಲಿ ಅದನ್ನು ಇಟಲಿಯ ಲಕ್ಸಾಟಿಕಾ ಕೊಂಡಿತು. 2007ರಲ್ಲಿ ಓಕ್ಲಿಯನ್ನೂ ಕೊಂಡಿತು. 2018ರಲ್ಲಿ ಫ್ರಾನ್ಸಿನ ಎಸಿಲಾರ್ ಜೊತೆ ಸೇರಿ ಎಸಿಲಾರ್‌ಲಕ್ಸಾಟಿಕಾ ಆಯಿತು. ಪ್ರಾಡಾ, ಶನೆಲ್, ವರ್ಸಾಚೆ ಮುಂತಾದ ಉಡುಪಿನ ಮನೆಗಳ ಹೆಸರಿನ ಕನ್ನಡಕಗಳನ್ನೂ ಪರವಾನಗಿ ಪಡೆದು ಇದೇ ಸಮೂಹ ತಯಾರಿಸುತ್ತದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಪೈಪೋಟಿಗೆ ನಿಂತಂತೆ ಕಾಣುವ ಹೆಸರುಗಳಲ್ಲಿ ಹಲವು ಒಂದೇ ಮನೆಯವು. ಹೆಸರಿಗೆ ಕೊಡುವ ಹಣ ಹೆಸರಿಗೇ ಹೋಗುತ್ತದೆ. ಕೊಡಬಾರದೆಂದಲ್ಲ, ಅದನ್ನು ಕಣ್ಣಿನ ಖರ್ಚಿನ ಲೆಕ್ಕದಲ್ಲಿ ಬರೆಯಬಾರದು, ಅಷ್ಟೆ.

ಹಾಗೆಂದು ಬೆಲೆಗೆ ಏನೂ ಸಿಗುವುದಿಲ್ಲವೆ? ಸಿಗುತ್ತದೆ. ಮೊದಲನೆಯದು ಮಸೂರದ ನಯ. ಕನ್ನಡಕವನ್ನು ತೋಳಳತೆಯ ದೂರದಲ್ಲಿ ಹಿಡಿದು, ಅದರ ಮೂಲಕ ನೇರವಾದ ಒಂದು ಗೆರೆಯನ್ನು ನೋಡಿ. ಅರಸೀಕೆರೆ ರೈಲು ನಿಲ್ದಾಣದ ಪ್ಲಾಟ್‌ಫಾರಂ ಅಂಚಾದೀತು, ಬಾಗಿಲ ಚೌಕಟ್ಟಾದೀತು. ಕನ್ನಡಕವನ್ನು ಮೆಲ್ಲಗೆ ಅತ್ತಿತ್ತ ಸರಿಸಿ. ಗೆರೆ ಹಾವಿನಂತೆ ಬಳುಕಿದರೆ ಆ ಮಸೂರ ಬೇಡ. ಅಚ್ಚಿನಲ್ಲಿ ಅಜಾಗರೂಕತೆಯಿಂದ ಒತ್ತಿದ ಪ್ಲಾಸ್ಟಿಕ್ಕಿನ ಲಕ್ಷಣವದು; ಬಹಳ ಹೊತ್ತು ಹಾಕಿದರೆ ತಲೆನೋವು ತರಬಹುದು.

ಎರಡನೆಯದು ಧ್ರುವೀಕರಣ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲ ನೋಡಿದ ಮೇಲೆ ಪಕ್ಕದ ದ್ವಾರಸಮುದ್ರ ಕೆರೆಯ ದಡಕ್ಕೆ ಬನ್ನಿ. ನೀರಿನ ಮೇಲಿನ ಹೊಳಪು ಕಣ್ಣು ಕುಕ್ಕುತ್ತದೆ. ಈ ಪ್ರತಿಫಲಿತ ಬೆಳಕಿನ ಕಂಪನ ಹೆಚ್ಚಾಗಿ ನೆಲಕ್ಕೆ ಸಮಾಂತರವಾಗಿರುತ್ತದೆ. ಲಂಬದಿಂದ ಸುಮಾರು 53 ಡಿಗ್ರಿ ಕೋನದಲ್ಲಿ ನೀರು ಪ್ರತಿಫಲಿಸುವ ಬೆಳಕಂತೂ ಪೂರ್ತಿ ಧ್ರುವೀಕೃತ. ನಿಮ್ಮ ಕಣ್ಣು ನೀರಿನ ಮಟ್ಟದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ, ಎರಡು ಮೀಟರ್ ಆಚೆಯ ನೀರಿನಿಂದ ಬರುವ ಬೆಳಕು ಅದು. ಧ್ರುವೀಕಾರಕ ಮಸೂರವನ್ನು ಕಣ್ಣ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಹೊಳಪು ಆರಿ, ತಿಳಿ ನೀರಾದರೆ ತಳವೂ ಕಾಣುತ್ತದೆ. ಇನ್ನೂ 90 ಡಿಗ್ರಿ ತಿರುಗಿಸಿದರೆ ಹೊಳಪು ಮರಳುತ್ತದೆ. ಮಳೆ ನಿಂತ ಮೇಲಿನ ಡಾಂಬರು ರಸ್ತೆಯಲ್ಲಿ ಬೈಕ್ ಓಡಿಸುವವರಿಗೆ ಇದು ನಿಜವಾದ ಉಪಕಾರ. ತಿರುಗಿಸಿದರೂ ಏನೂ ಬದಲಾಗದಿದ್ದರೆ, ‘ಪೋಲರಾಯ್ಡ್’ ಎಂದು ಮಾರಿದ್ದು ಬರಿಯ ಬಣ್ಣದ ಪ್ಲಾಸ್ಟಿಕ್. ಆದರೆ ಒಂದು ಎಚ್ಚರಿಕೆ: ಧ್ರುವೀಕರಣವೂ ಅತಿನೇರಳೆ ತಡೆಯೂ ಬೇರೆ ಬೇರೆ ಗುಣಗಳು. ಒಂದಿದೆಯೆಂದರೆ ಇನ್ನೊಂದೂ ಇದೆಯೆಂದಲ್ಲ.

ಮೂರನೆಯದು ಚೌಕಟ್ಟು. ಇಲ್ಲಿ ದುಬಾರಿ ಕನ್ನಡಕವೇ ಹಿಂದೆ ಬೀಳಬಹುದು. ಅತಿನೇರಳೆ ಸೂರ್ಯನಿಂದ ನೇರವಾಗಿ ಮಾತ್ರ ಬರುವುದಿಲ್ಲ. ಆಕಾಶದಿಂದ ಚದರಿ ಎಲ್ಲ ಕಡೆಯಿಂದಲೂ ಬರುತ್ತದೆ. ಜಪಾನಿನಲ್ಲಿ ಮನುಷ್ಯಾಕಾರದ ಬೊಂಬೆಯ ಕಣ್ಣಿಗೆ ಸಂವೇದಕ ಇಟ್ಟು ಅಳೆದಾಗ, ಸೂರ್ಯ ನೆತ್ತಿಯಲ್ಲಿದ್ದಾಗಿಗಿಂತ ಸುಮಾರು 40 ಡಿಗ್ರಿ ಎತ್ತರದಲ್ಲಿದ್ದಾಗ ಕಣ್ಣಿಗೆ ಹೆಚ್ಚು ಅತಿನೇರಳೆ ಬಿದ್ದದ್ದು ಕಂಡುಬಂತು. ನಡುಹಗಲಲ್ಲಿ ಹುಬ್ಬು ನೆರಳು ಕೊಡುತ್ತದೆ. ಬೆಳಗಿನ ಒಂಬತ್ತಕ್ಕೋ ಸಂಜೆಯ ಮುನ್ನವೋ ಕೊಡುವುದಿಲ್ಲ. ಪಕ್ಕದಿಂದ ಬರುವ ಬೆಳಕನ್ನು ಕಣ್ಣಿನ ಬಾಗಿದ ಹೊರಪೊರೆಯೇ ಮಸೂರದಂತೆ ಮೂಗಿನ ಬದಿಯ ಅಂಚಿಗೆ ಕೇಂದ್ರೀಕರಿಸುತ್ತದೆ. ಕಾಸಿನಗಲದ ಫ್ಯಾಷನ್ ಮಸೂರ ಶೇ. 100 ತಡೆದರೂ ಸುತ್ತಲಿನ ಸಂದಿಗಳಿಂದ ಬರುವುದನ್ನು ಏನು ಮಾಡೀತು? ಅಗಲವಾಗಿ, ಕೆನ್ನೆಗೆ ಒರಗುವಂತೆ, ಪಕ್ಕಕ್ಕೆ ಬಾಗಿರುವ ಚೌಕಟ್ಟು ಅಗ್ಗದ್ದಾದರೂ ಮೇಲು. ಅದರ ಜೊತೆ ಅಗಲ ಅಂಚಿನ ಟೊಪ್ಪಿಯಿದ್ದರೆ ಇನ್ನೂ ಮೇಲು.

ವೆಲ್ಡಿಂಗ್ ಅಂಗಡಿಯ ಕನ್ನಡಕ

ಇಷ್ಟೂ ಮಾತು ಪ್ರವಾಸಿಗಳದಾಯಿತು. ‘ಕಪ್ಪೆಂದರೆ ರಕ್ಷಣೆ’ ಎಂಬ ಭ್ರಮೆಗೆ ದೊಡ್ಡ ಬೆಲೆ ತೆರುವವರು ಬೇರೆಯೇ ಇದ್ದಾರೆ. ಅರಸೀಕೆರೆಯಲ್ಲಿ ಗೇಟು, ಕಿಟಕಿ ಕಂಬಿ ಮಾಡುವ ಅಂಗಡಿಯೊಂದರ ಮುಂದೆ ಯುವಕನೊಬ್ಬ ಜಾತ್ರೆಯಲ್ಲಿ ಕೊಂಡ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಆರ್ಕ್ ವೆಲ್ಡಿಂಗ್ ಮಾಡುತ್ತಿದ್ದ. ಕೇಳಿದರೆ, “ಕಪ್ಪಗೆ ಐತಲ್ಲ ಸರ್, ಸಾಕು” ಎಂದ. ರಾತ್ರಿ ಕಣ್ಣಿಗೆ ಮರಳು ಸುರಿದಂತೆ ಉರಿಯುವುದು ಅವನಿಗೆ ಕೆಲಸದ ಭಾಗವೇ ಆಗಿಬಿಟ್ಟಿದೆ.

ಲೆಕ್ಕ ನೋಡಿ. ಸಾಮಾನ್ಯ ಕಡು ಬಣ್ಣದ ತಂಪು ಕನ್ನಡಕ ಕಾಣುವ ಬೆಳಕಿನ ಶೇ. 8ರಿಂದ 18ರಷ್ಟನ್ನು ಒಳಬಿಡುತ್ತದೆ, ಅಂದರೆ ಸುಮಾರು ಹತ್ತರಲ್ಲಿ ಒಂದು ಪಾಲು. ವೆಲ್ಡಿಂಗಿನ 10ನೇ ನಂಬರ್ ಗಾಜು ಬಿಡುವುದು ಸುಮಾರು 7,000ದಲ್ಲಿ ಒಂದು ಪಾಲು. 12ನೇ ನಂಬರ್, ಸುಮಾರು 50,000ದಲ್ಲಿ ಒಂದು ಪಾಲು. ನೂರೈವತ್ತು ರೂಪಾಯಿಯದಿರಲಿ, ಹದಿನೈದು ಸಾವಿರದ್ದಿರಲಿ, ಯಾವ ತಂಪು ಕನ್ನಡಕವೂ ಈ ಅಂತರವನ್ನು ತುಂಬಲಾರದು. ಸೂರ್ಯಗ್ರಹಣ ನೋಡುವುದಕ್ಕೂ ಇದೇ ಮಾತು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಹಾಸನ ಜಿಲ್ಲೆಯಲ್ಲಿ ಆಳವಾದ ಪಾರ್ಶ್ವಗ್ರಹಣವಾಗಿ ಕಂಡಿತ್ತು. ಅಂಥ ಗ್ರಹಣಕ್ಕೆ ಬೇಕಾದ ಶೋಧಕ ಬಿಡಬಹುದಾದ ಬೆಳಕು ಶೇ. 0.0032ಕ್ಕಿಂತ ಹೆಚ್ಚಿರಕೂಡದು. ವೆಲ್ಡಿಂಗ್ ಯುವಕನಿಗೆ ಬೇಕಾದದ್ದು ನಂಬರ್ ಹಾಕಿದ ಗಾಜಿನ ಮುಖಗವಚ. ಹೆಸರಾಂತ ಕನ್ನಡಕಕ್ಕಿಂತ ಅದು ಎಷ್ಟೋ ಅಗ್ಗ.

ಅಳತೆಯೊಂದೇ ದಾರಿ

ಹಾಗಾದರೆ ಕೊಳ್ಳುವಾಗ ನಂಬುವುದೇನನ್ನು? ‘ಯುವಿ 400’ ಎಂಬ ಚೀಟಿಯನ್ನೇ? ಅದನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆಸ್ಟ್ರೇಲಿಯ 1971ರಲ್ಲೇ ತಂಪು ಕನ್ನಡಕಗಳಿಗೆ ಮಾನಕ ರೂಪಿಸಿತು. ಅಂತಾರಾಷ್ಟ್ರೀಯ ಮಾನಕ ಐಎಸ್‌ಒ 12312-1 ಮೊದಲು 2013ರಲ್ಲಿ ಬಂದು 2022ರಲ್ಲಿ ಪರಿಷ್ಕೃತವಾಯಿತು. ಮಾನಕ ಕಟ್ಟುನಿಟ್ಟಾಗಿ ಜಾರಿಯಲ್ಲಿರುವೆಡೆ ಅಗ್ಗದ ಕನ್ನಡಕವೂ ನಂಬಿಕೆಗೆ ಅರ್ಹ. ಜಾರಿ ಸಡಿಲವಾದಲ್ಲಿ ಬೆಲೆಯೇ ಭರವಸೆಯ ವೇಷ ಹಾಕುತ್ತದೆ. ಹಣವಿದ್ದವರು ಭರವಸೆ ಕೊಳ್ಳುತ್ತಾರೆ. ಇಲ್ಲದವರು ಅದೃಷ್ಟ ಕೊಳ್ಳುತ್ತಾರೆ. ನನ್ನ ಆಕ್ಷೇಪ ಇರುವುದು ಇಲ್ಲಿ.

ಅಳೆಯುವುದು ಕಷ್ಟವಲ್ಲ. ಮಸೂರದ ಅತಿನೇರಳೆ ತಡೆಯನ್ನು ತೋರಿಸುವ ಪುಟ್ಟ ಮಾಪಕ ಅನೇಕ ಕನ್ನಡಕದ ಅಂಗಡಿಗಳಲ್ಲಿರುತ್ತದೆ. ಒಂದು ನಿಮಿಷದ ಕೆಲಸ. ಕೇಳಲು ಸಂಕೋಚ ಬೇಡ. ಶಾಲೆಯಲ್ಲೂ ಒರಟು ಪರೀಕ್ಷೆಯೊಂದನ್ನು ಮಾಡಬಹುದು. 365 ನ್ಯಾನೊಮೀಟರಿನ ಅತಿನೇರಳೆ ಟಾರ್ಚನ್ನು ಕತ್ತಲೆ ಕೋಣೆಯಲ್ಲಿ ಒಂದು ನೋಟಿನ ಮೇಲೆ ಬಿಟ್ಟರೆ, ಅದರ ಕ್ರಮಸಂಖ್ಯೆ ಮತ್ತು ಎಳೆಗಳು ಹೊಳೆಯುತ್ತವೆ. ಈಗ ಟಾರ್ಚಿನ ಮುಂದೆ ಕನ್ನಡಕದ ಮಸೂರ ಹಿಡಿದು, ನೋಟನ್ನು ಪಕ್ಕದಿಂದ ಬರಿಗಣ್ಣಿನಲ್ಲಿ ನೋಡಿ. ಹೊಳಪು ಆರಿದರೆ ಮಸೂರ ತಡೆಯುತ್ತಿದೆ, ಉಳಿದರೆ ಸೋರುತ್ತಿದೆ. 365ನ್ನು ತಡೆಯುವ ಪ್ಲಾಸ್ಟಿಕ್ ಸಾಮಾನ್ಯವಾಗಿ ಅದಕ್ಕಿಂತ ಕಿರಿದಾದುದನ್ನೂ ತಡೆಯುತ್ತದೆ. ಅಗ್ಗದ ಟಾರ್ಚುಗಳು ಹಲವು 395 ನ್ಯಾನೊಮೀಟರಿನವು, ಅವು ಈ ಪರೀಕ್ಷೆಗೆ ಬಾರವು. ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ. ಶಿಕ್ಷಕರೇ ಅದನ್ನು ಹಿಡಿದಿರಲಿ.

ಆ ಶಿಕ್ಷಕರಿಗೆ ನಾನು ಹೇಳಿದ್ದಿಷ್ಟು: ಮುಂದಿನ ಪ್ರವಾಸದಲ್ಲಿ ಮಕ್ಕಳನ್ನು ತಡೆಯಬೇಡಿ, ಟಾರ್ಚು ಒಯ್ಯಿರಿ. ರಸ್ತೆ ಬದಿಯದನ್ನೂ ನಿಮ್ಮ ಸಹೋದ್ಯೋಗಿಯ ಹನ್ನೆರಡು ಸಾವಿರದ್ದನ್ನೂ ಒಂದೇ ನೋಟಿನ ಮುಂದೆ ಹಿಡಿಯಿರಿ. ಎರಡೂ ತಡೆದರೆ, ಬೆಲೆಯ ವ್ಯತ್ಯಾಸ ಯಾವುದಕ್ಕೆಂದು ಮಕ್ಕಳೇ ಕೇಳುತ್ತಾರೆ. ಒಂದು ಸೋರಿದರೆ ಅದನ್ನು ಕೊಳ್ಳಬಾರದೆಂದು ನೀವು ಹೇಳಬೇಕಾಗುವುದಿಲ್ಲ. ಹಿಂದಿರುಗುವಾಗ ಅರಸೀಕೆರೆಯ ಆ ವೆಲ್ಡಿಂಗ್ ಅಂಗಡಿಯ ಮುಂದೆ ಬಸ್ಸು ಎರಡು ನಿಮಿಷ ನಿಲ್ಲಲಿ.