ಋಣದ ಲೆಕ್ಕವೂ ಒಂಟಿತನವೂ

ದೇವರನ್ನು ನಂಬದವನು ಒಂಟಿಯಾದಾಗ ಯಾರ ಕಡೆ ಮುಖ ಮಾಡಬೇಕು? ಈ ಪ್ರಶ್ನೆ ನವ್ಯರ ಸೊತ್ತೆಂದು ನಮ್ಮ ವಿಮರ್ಶೆ ಸಾಮಾನ್ಯವಾಗಿ ಭಾವಿಸಿದೆ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961) ಬರುವ ಒಂದು ವರ್ಷ ಮೊದಲೇ ಶಿವರಾಮ ಕಾರಂತರು ‘ಅಳಿದ ಮೇಲೆ’ (1960) ಕಾದಂಬರಿಯಲ್ಲಿ ಇದನ್ನು ಎತ್ತಿಕೊಂಡಿದ್ದರು, ಅದೂ ಯಾವ ಆರ್ಭಟವೂ ಇಲ್ಲದೆ.

ಜಹೀರಾಬಾದಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿರುವ ನನಗೆ ಇದು ಮನೆಬಾಗಿಲಿನ ಪ್ರಶ್ನೆಯೂ ಹೌದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳೂ ಗುಲ್ಬರ್ಗ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶದ ಪಾಲಾದವು, 2014ರಿಂದ ತೆಲಂಗಾಣದಲ್ಲಿವೆ. ನಾನು ಕಂಡಂತೆ ನಮ್ಮಲ್ಲಿ ಕನ್ನಡ ಉಳಿದಿರುವುದು ಮನೆಮಾತಿನಲ್ಲಿ. ಅದು ಬಿಟ್ಟರೆ ಭಜನೆ, ಪುರಾಣ, ಜಾತ್ರೆಗಳಲ್ಲಿ. ನಂಬಿಕೆಯಿಲ್ಲದವನು ಗುಡಿಯಿಂದ ಸರಿದು ನಿಂತರೆ ತನ್ನ ನುಡಿಯ ನಾಲ್ಕು ಜನರಿಂದಲೂ ದೂರವಾಗುತ್ತಾನೆ. ಶ್ರಾವಣದ ಪುರಾಣಕ್ಕೆ ನಾನು ಹೋಗಿ ಕೂರುವುದು ಕನ್ನಡ ಕಿವಿಗೆ ಬೀಳಲೆಂದು.

ಕಾದಂಬರಿಯ ಯಶವಂತರಾಯ ಮುಂಬಯಿಯಲ್ಲಿ ಒಬ್ಬನೇ ಸಾಯುತ್ತಾನೆ. ಅಲ್ಪ ಪರಿಚಯದ ನಿರೂಪಕನ ಕೈಗೆ ಅವನ ದಿನಚರಿಯೂ ಉಳಿದ ಹಣವೂ ಬರುತ್ತವೆ. ತಿಂಗಳು ತಿಂಗಳು ಅವನು ಹಣ ಕಳಿಸುತ್ತಿದ್ದವರು ಯಾರೆಂದು ಹುಡುಕಿಕೊಂಡು ನಿರೂಪಕ ಊರೂರು ಅಲೆಯುತ್ತಾನೆ. ಸಮಾಜದಿಂದ ಪಡೆದದ್ದನ್ನು ಹಿಂದಿರುಗಿಸಿಯೇ ಹೋಗಬೇಕೆಂಬುದು ಯಶವಂತರಾಯನ ನಿಷ್ಠೆ. ಪುಣ್ಯದ ಆಸೆ ಅದರಲ್ಲಿ ಕಾಣುವುದಿಲ್ಲ. ಕಾಣುವುದು ಪ್ರಾಮಾಣಿಕ ಜಮಾ ಖರ್ಚು.

ಮಲಯಾಳ ಬಲ್ಲ ಓದುಗರಿಗೆ ಇಲ್ಲಿ ಒ.ವಿ. ವಿಜಯನ್ ಅವರ ‘ಖಸಾಕ್ಕಿಂಡೆ ಇತಿಹಾಸಂ’ (1969) ನೆನಪಾದೀತು. ಅದರ ರವಿ ಓದನ್ನೂ ಆಶ್ರಮವನ್ನೂ ಬಿಟ್ಟು ಹಳ್ಳಿಯ ಏಕೋಪಾಧ್ಯಾಯ ಶಾಲೆಗೆ ಬರುತ್ತಾನೆ. ಕೊನೆಗೆ ಹಾವಿಗೆ ಕಾಲೊಡ್ಡಿ ಬಸ್ಸಿಗಾಗಿ ಕಾಯುತ್ತಾನೆ. ರವಿಯ ಪಾಪಪ್ರಜ್ಞೆ ಯಾವ ಲೆಕ್ಕದಲ್ಲೂ ತೀರುವಂಥದಲ್ಲ. ಯಶವಂತರಾಯನದು ತೀರಿಸಬಹುದಾದ ಋಣ. ಕಾರಂತರಲ್ಲಿ ಸಿಗುವ ಸಮಾಧಾನ ವಿಜಯನ್ ಅವರಲ್ಲಿ ಸಿಗದಿರುವುದಕ್ಕೆ ಇದೇ ಕಾರಣ.

ಆದರೂ ನನಗೊಂದು ಆಕ್ಷೇಪವಿದೆ. ಯಶವಂತರಾಯನ ಹಣ ಊರು ಸೇರಿತು, ಮನುಷ್ಯ ಸೇರಲಿಲ್ಲ. ಖಾತೆ ಚುಕ್ತಾ ಆದ ಮಾತ್ರಕ್ಕೆ ಒಂಟಿತನ ತೀರುವುದಿಲ್ಲವೆಂಬುದನ್ನು ಕೌಂಟರಿನಲ್ಲಿ ದಿನವೂ ಕಾಣುತ್ತೇನೆ. ಮಗ ಕಳಿಸಿದ ಹಣ ಬಂದಿದೆಯೆಂದು ಹೇಳಿದ ಮೇಲೂ ಮುದುಕರು ಸ್ವಲ್ಪ ಹೊತ್ತು ನಿಂತೇ ಇರುತ್ತಾರೆ. ಯಶವಂತರಾಯನಿಗೆ ಜೊತೆ ಸಿಗುವುದು ಸತ್ತ ಮೇಲೆ, ಒಬ್ಬನು ಅವನ ಬರಹ ಓದಿ ಅವನ ಜನರ ಬಾಗಿಲು ತಟ್ಟಿದಾಗ. ಕಾದಂಬರಿಯ ನಿಜವಾದ ಉತ್ತರವನ್ನು ನಾನು ಕಾಣುವುದು ಋಣದ ತತ್ವಕ್ಕಿಂತ ಹೆಚ್ಚಾಗಿ ನಿರೂಪಕನ ಆ ಅಲೆದಾಟದಲ್ಲಿ. ಗುಡಿಯಿಲ್ಲದವನಿಗೆ ಓದುವವನೊಬ್ಬ ಬೇಕು, ಅಳಿಯುವ ಮೊದಲೇ ಬೇಕು. ಗಡಿನಾಡಿನ ವಾಚನಾಲಯಗಳೂ ಇಂಥ ವಾರ್ಷಿಕ ಸಂಚಿಕೆಗಳೂ ಆ ಕೆಲಸವನ್ನು ಮಾಡಬಲ್ಲವು.